ಬಯಲುಸೀಮೆಯಿಂದ ದ್ವೀಪದ ಕಡಲತೀರಕ್ಕೆ: ಮಲ್ಪೆ, ಅಂಡಮಾನ್, ಲಕ್ಷದ್ವೀಪ, ಲಂಕೆಗಳಲ್ಲಿ ಯಾವುದು?

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ದ್ವೀಪದ ಕಡಲತೀರಕ್ಕೆ ಹೊರಡಬೇಕೆಂದಿರುವವರು ಸಾಮಾನ್ಯವಾಗಿ ಮೊದಲು ಕೇಳುವುದು ಯಾವ ದ್ವೀಪ ಹೆಚ್ಚು ಚೆಂದ ಎಂದು. ಆ ಪ್ರಶ್ನೆಯನ್ನು ಕೊನೆಗಿಟ್ಟುಕೊಳ್ಳುವುದು ಒಳ್ಳೆಯದು. ಯಾವ ತಿಂಗಳಲ್ಲಿ ಬಿಡುವಿದೆ, ಮನೆಯ ಹೊಸ್ತಿಲು ದಾಟಿ ಮತ್ತೆ ಮನೆಗೆ ಬರುವವರೆಗೆ ಎಷ್ಟು ದಿನಗಳಿವೆ, ಜೊತೆಗೆ ಬರುವವರು ಯಾರು ಎಂಬ ಮೂರು ಸಂಗತಿಗಳನ್ನು ಇತ್ಯರ್ಥ ಮಾಡಿಕೊಂಡರೆ ಆಯ್ಕೆಗಳ ಪಟ್ಟಿ ತಾನಾಗಿಯೇ ಒಂದೆರಡಕ್ಕೆ ಇಳಿಯುತ್ತದೆ. ಅದರಲ್ಲೂ ತಿಂಗಳೇ ಮುಖ್ಯ. ತಪ್ಪು ತಿಂಗಳಲ್ಲಿ ಹೋದರೆ ಎಂಥ ಸುಂದರ ದ್ವೀಪವಾದರೂ ಮಳೆ ನೋಡುತ್ತ ಕೋಣೆಯಲ್ಲಿ ಕೂರಬೇಕಾಗುತ್ತದೆ.

ದಿನಗಳ ಲೆಕ್ಕದಲ್ಲಿ ನಮ್ಮ ಭಾಗದವರಿಗೆ ಒಂದು ಹೆಚ್ಚುವರಿ ಹೊರೆಯಿದೆ. ಪ್ರವಾಸ ಸಂಸ್ಥೆಗಳು ‘ನಾಲ್ಕು ರಾತ್ರಿ, ಐದು ಹಗಲು’ ಎಂದು ಹೇಳುವುದು ವಿಮಾನ ಇಳಿದ ಮೇಲಿನ ಲೆಕ್ಕವನ್ನು. ಬಳ್ಳಾರಿ, ಹೊಸಪೇಟೆ, ಕೊಪ್ಪಳದವರು ಬೆಂಗಳೂರಿಗೋ ಹುಬ್ಬಳ್ಳಿಗೋ ಹೋಗಿ ವಿಮಾನ ಹಿಡಿಯಬೇಕು; ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ. ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣದಿಂದ ಸಣ್ಣ ವಿಮಾನಗಳ ಸಂಪರ್ಕ ಸಿಕ್ಕರೆ ಅನುಕೂಲವೇ, ಆದರೆ ಮುಂದಿನ ವಿಮಾನದ ಸಮಯಕ್ಕೆ ಅದು ಹೊಂದುತ್ತದೆಯೇ ಎಂದು ನೋಡಿಕೊಳ್ಳದೆ ಅದನ್ನೇ ನಂಬಿ ಯೋಜನೆ ಹಾಕಬಾರದು. ಅಂಡಮಾನಿಗೆ ಹೋಗುವ ವಿಮಾನಗಳು ಹೆಚ್ಚಾಗಿ ಬೆಳಗಿನ ಹೊತ್ತಿನವು. ಅಂದರೆ ಹಿಂದಿನ ರಾತ್ರಿಯೇ ಹಂಪಿ ಎಕ್ಸ್‌ಪ್ರೆಸ್ಸಿನಲ್ಲೋ ಬಸ್ಸಿನಲ್ಲೋ ಹೊರಟುಬಿಡಬೇಕು. ಹೀಗಾಗಿ ಐದು ದಿನದ ಪ್ಯಾಕೇಜು ನಮಗೆ ಏಳು ದಿನದ ರಜೆಯನ್ನು ಕೇಳುತ್ತದೆ. ಇದನ್ನು ಗಮನಿಸದೆ ಆಯ್ಕೆ ಮಾಡಿದವರು ಹಿಂತಿರುಗಿದ ಮುಂಜಾನೆಯೇ ನಿದ್ದೆಗಣ್ಣಿನಲ್ಲಿ ಕಚೇರಿಗೆ ಹೋಗುವುದನ್ನು ಕಾಣುತ್ತೇವೆ.

ತಿಂಗಳು ನೋಡಿ ದ್ವೀಪ ಆರಿಸುವುದು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈರುತ್ಯ ಮಾರುತದ ಕಾರಣ ಅರಬ್ಬೀ ಸಮುದ್ರ ಪ್ರಕ್ಷುಬ್ಧವಾಗಿರುತ್ತದೆ. ಆ ಅವಧಿಯಲ್ಲಿ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗಳು ನಿಂತಿರುತ್ತವೆ, ಮುರ್ಡೇಶ್ವರದ ಬಳಿಯ ನೇತ್ರಾಣಿಯಲ್ಲಿ ಡೈವಿಂಗ್ ಇರುವುದಿಲ್ಲ, ಲಕ್ಷದ್ವೀಪದ ಹಡಗು ಪ್ರವಾಸಗಳೂ ಸ್ಥಗಿತಗೊಳ್ಳುತ್ತವೆ. ಅಂಡಮಾನಿನಲ್ಲಿ ಮೇ ಮಧ್ಯಭಾಗದಿಂದಲೇ ಮಳೆ ಆರಂಭವಾಗುತ್ತದೆ. ಅಕ್ಟೋಬರ್, ನವೆಂಬರ್‌ಗಳಲ್ಲೂ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳಿಂದ ಒಮ್ಮೊಮ್ಮೆ ದ್ವೀಪಗಳ ನಡುವಿನ ದೋಣಿ ಸಂಚಾರ ರದ್ದಾಗುತ್ತದೆ. ಹಾಗಾಗಿ ದಸರಾ ರಜೆಗೆ ಅಂಡಮಾನ್ ಎಂಬುದು ಅದೃಷ್ಟದ ಮೇಲೆ ನಿಂತ ಆಯ್ಕೆ. ಡಿಸೆಂಬರ್ ಮಧ್ಯದಿಂದ ಏಪ್ರಿಲ್‌ವರೆಗಿನ ಕಾಲ ಮಾತ್ರ ಎರಡೂ ಕಡಲುಗಳಲ್ಲಿ ಬಹುಮಟ್ಟಿಗೆ ನಂಬಿಕೆಗೆ ಅರ್ಹವಾದದ್ದು.

ಗಂಗಾವತಿ, ಸಿಂಧನೂರು, ಸಿರುಗುಪ್ಪದ ಭತ್ತದ ಕುಟುಂಬಗಳಿಗೆ ಇದು ಒಂದು ರೀತಿಯಲ್ಲಿ ಅನುಕೂಲ. ಮುಂಗಾರು ಬೆಳೆಯ ಕಟಾವು ಮುಗಿದು ಕೈಯಲ್ಲಿ ಸ್ವಲ್ಪ ದುಡ್ಡು ಓಡಾಡುವ ಹೊತ್ತಿಗೇ ಕಡಲು ಶಾಂತವಾಗಿರುತ್ತದೆ. ಆದರೆ ಡಿಸೆಂಬರಿನ ಕೊನೆಯ ವಾರ ದೇಶಕ್ಕೆ ದೇಶವೇ ರಜೆಯಲ್ಲಿರುವುದರಿಂದ ದರಗಳು ಗಗನಕ್ಕೇರಿರುತ್ತವೆ. ಸಂಕ್ರಾಂತಿಯ ನಂತರ, ಅಂದರೆ ಕೊಪ್ಪಳದ ಗವಿಮಠದ ಜಾತ್ರೆ ಮುಗಿಸಿಕೊಂಡು ಹೊರಡುವವರಿಗೆ ಅದೇ ಬಿಸಿಲು, ಅದೇ ನೀರು ಕಡಿಮೆ ಖರ್ಚಿನಲ್ಲಿ ದೊರೆಯುತ್ತದೆ. ಶಾಲೆಗೆ ಹೋಗುವ ಮಕ್ಕಳಿರುವ ಮನೆಯವರಿಗೆ ಈ ಸ್ವಾತಂತ್ರ್ಯವಿಲ್ಲ. ಅವರಿಗೆ ಉಳಿಯುವುದು ಬೇಸಿಗೆ ರಜೆ. ಏಪ್ರಿಲ್ ಎರಡನೆಯ ಮತ್ತು ಮೂರನೆಯ ವಾರದಲ್ಲಾದರೆ ಅಂಡಮಾನ್ ಚೆನ್ನಾಗಿಯೇ ಇರುತ್ತದೆ. ಮೇ ತಿಂಗಳಿಗೆ ಜಾರಿದರೆ ಬೇರೆಯದನ್ನು ಯೋಚಿಸಬೇಕು, ಅದನ್ನು ಮುಂದೆ ಹೇಳುತ್ತೇನೆ.

ಮೂರು ದಿನವಷ್ಟೇ ಇದ್ದರೆ: ನಮ್ಮದೇ ಕರಾವಳಿ

ವಾರಾಂತ್ಯಕ್ಕೆ ಒಂದು ದಿನ ಸೇರಿಸಿಕೊಂಡು ಹೋಗುವವರು ವಿಮಾನದ ಗೊಡವೆಗೆ ಹೋಗಬಾರದು. ಬಳ್ಳಾರಿಯಿಂದ ಹೊಸಪೇಟೆ, ಕೊಪ್ಪಳ, ಗದಗ ಮಾರ್ಗವಾಗಿ ಹುಬ್ಬಳ್ಳಿಗೆ ಬಂದು, ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದರೆ ಅಂಕೋಲಾ. ಅಲ್ಲಿಂದ ಉತ್ತರಕ್ಕೆ ಕಾರವಾರ, ದಕ್ಷಿಣಕ್ಕೆ ಮುರ್ಡೇಶ್ವರ, ಮಲ್ಪೆ. ಕಾರವಾರದ ಎದುರಿನ ಕೂರ್ಮಗಡ ದ್ವೀಪದಲ್ಲಿ ನರಸಿಂಹ ದೇವಸ್ಥಾನವಿದೆ, ಜನವರಿಯ ಹೊತ್ತಿಗೆ ಅಲ್ಲಿ ನಡೆಯುವ ಜಾತ್ರೆಗೆ ಜನ ದೋಣಿಗಳಲ್ಲೇ ಹೋಗುತ್ತಾರೆ.

ಮಲ್ಪೆಯ ಸೇಂಟ್ ಮೇರೀಸ್ ದ್ವೀಪವನ್ನು ಆರಿಸಿಕೊಳ್ಳುವವರು ಅದು ಏನು, ಏನಲ್ಲ ಎಂಬುದನ್ನು ತಿಳಿದಿರಬೇಕು. ಜಾಹೀರಾತುಗಳಲ್ಲಿ ಕಾಣುವ ಹವಳದ ದ್ವೀಪ ಅದಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಉಕ್ಕಿದ ಲಾವಾ ತಣ್ಣಗಾಗಿ ಕುಗ್ಗುತ್ತ ಬಿರುಕು ಬಿಟ್ಟು ಬಹುಕೋನಾಕೃತಿಯ ಕಂಬಗಳಾಗಿ ನಿಂತ ಶಿಲಾ ದ್ವೀಪ ಅದು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಲ್ಪಟ್ಟಿದೆ. 1498ರಲ್ಲಿ ವಾಸ್ಕೋ ಡ ಗಾಮಾ ಇಲ್ಲಿ ಇಳಿದು ಹೆಸರಿಟ್ಟನೆಂಬ ಪ್ರತೀತಿಯೂ ಇದೆ. ಹಂಪಿಯ ಹೆಬ್ಬಂಡೆಗಳನ್ನು ನೋಡಿ ಬೆಳೆದವರಿಗೆ ಈ ಕಂಬಗಳ ಕಟ್ಟುನಿಟ್ಟಾದ ಜೋಡಣೆ ನಿಜವಾಗಿಯೂ ಹೊಸತು. ಆದರೆ ಅಲ್ಲಿ ಮರಳಿಗಿಂತ ಕಪ್ಪೆಚಿಪ್ಪು ಮತ್ತು ಕಲ್ಲು ಹೆಚ್ಚು, ಸೆಳೆತ ಅಪಾಯಕಾರಿ, ರಾತ್ರಿ ತಂಗಲು ಅವಕಾಶವಿಲ್ಲ. ಕೆಲವು ಗಂಟೆ ತಿರುಗಾಡಿ ಮರಳಬೇಕಾದ ಜಾಗ ಅದು. ಈಜಿನ ಆಸೆಯನ್ನು, ಸ್ವಚ್ಛತೆ ಮತ್ತು ಸುರಕ್ಷತೆಗಾಗಿ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದಿರುವ ಪಡುಬಿದ್ರಿ ಅಥವಾ ಹೊನ್ನಾವರದ ಬಳಿಯ ಕಾಸರಕೋಡು ತೀರಗಳಿಗೆ, ಅದೂ ಜೀವರಕ್ಷಕರು ಇರುವ ಭಾಗಕ್ಕೆ, ಇಟ್ಟುಕೊಳ್ಳುವುದು ಕ್ಷೇಮ.

ನೇತ್ರಾಣಿ ಡೈವಿಂಗ್ ಮಾಡುವವರಿಗಾಗಿಯೇ ಇರುವ ಆಯ್ಕೆ; ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಿ ದ್ವೀಪದ ಬದಿಯ ನೀರಿಗೆ ಇಳಿಯುತ್ತಾರೆಯೇ ಹೊರತು ದಡದಲ್ಲಿ ಕೂರುವ ಮಾತಿಲ್ಲ.

ವಾರವಿದ್ದರೆ: ಅಂಡಮಾನ್

ಮನೆಮಂದಿಯೆಲ್ಲ ಸೇರಿ ಮೊದಲ ಬಾರಿಗೆ ದ್ವೀಪಕ್ಕೆ ಹೋಗುವುದಾದರೆ ನನ್ನ ಶಿಫಾರಸು ಅಂಡಮಾನ್. ಭಾರತೀಯರಿಗೆ ಪಾಸ್‌ಪೋರ್ಟ್ ಬೇಡ, ಸಾಮಾನ್ಯ ಪ್ರವಾಸಿ ಸ್ಥಳಗಳಿಗೆ ಪ್ರತ್ಯೇಕ ಅನುಮತಿಯೂ ಬೇಡ. ಬೆಂಗಳೂರು, ಹೈದರಾಬಾದ್, ಚೆನ್ನೈಗಳಿಂದ ನೇರ ವಿಮಾನಗಳಿವೆ. ಹಿಂದಿ ಬಂದರೆ ವ್ಯವಹಾರ ಸಲೀಸು, ತಮಿಳು, ತೆಲುಗು ಆಡುವವರೂ ಬೇಕಾದಷ್ಟಿದ್ದಾರೆ. ಬಳ್ಳಾರಿ, ರಾಯಚೂರಿನ ಗಡಿಯಲ್ಲಿ ತೆಲುಗು ಕಲಿತವರಿಗೆ ಅದು ಅನಿರೀಕ್ಷಿತವಾಗಿ ಉಪಯೋಗಕ್ಕೆ ಬರುತ್ತದೆ. ಕೇಂದ್ರ ಸರ್ಕಾರದ ನೌಕರರು, ರೈಲ್ವೆಯವರು ರಜಾ ಪ್ರವಾಸ ಸೌಲಭ್ಯದಡಿ ಅಂಡಮಾನಿಗೆ ಇರುವ ವಿಶೇಷ ವಿನಾಯಿತಿಯ ಚಾಲ್ತಿ ಆದೇಶವನ್ನು ತಮ್ಮ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು.

ಹೆಸರುಗಳ ಬದಲಾವಣೆಯಿಂದ ಟಿಕೆಟ್ ಕಾಯ್ದಿರಿಸುವಾಗ ಗೊಂದಲವಾಗುವುದುಂಟು. ಪೋರ್ಟ್ ಬ್ಲೇರ್ 2024ರ ಸೆಪ್ಟೆಂಬರಿನಿಂದ ಶ್ರೀ ವಿಜಯಪುರಂ. ಹ್ಯಾವ್‌ಲಾಕ್ ಮತ್ತು ನೀಲ್ ದ್ವೀಪಗಳು 2018ರಿಂದ ಕ್ರಮವಾಗಿ ಸ್ವರಾಜ್ ದ್ವೀಪ, ಶಹೀದ್ ದ್ವೀಪ. ಜನರ ಬಾಯಲ್ಲಿ ಹಳೆಯ ಹೆಸರುಗಳೇ ನಡೆಯುತ್ತಿವೆ, ಇಲ್ಲಿಯೂ ಅವನ್ನೇ ಬಳಸುತ್ತೇನೆ.

ಪೋರ್ಟ್ ಬ್ಲೇರ್‌ನಲ್ಲಿ ನೋಡಬೇಕಾದದ್ದು 1906ರಲ್ಲಿ ಪೂರ್ಣಗೊಂಡ ಸೆಲ್ಯುಲರ್ ಜೈಲು. ಕಡಲತೀರಕ್ಕಾಗಿ ಅಲ್ಲಿ ದಿನ ಕಳೆಯಬೇಕಾಗಿಲ್ಲ. ನಿಜವಾದ ತೀರಗಳು ಹ್ಯಾವ್‌ಲಾಕ್ ಮತ್ತು ನೀಲ್‌ನಲ್ಲಿವೆ, ಇವೆರಡರ ನಡುವೆಯೂ ಆಯ್ಕೆಯ ಪ್ರಶ್ನೆ ಇದೆ. ಹ್ಯಾವ್‌ಲಾಕಿನ ಪಶ್ಚಿಮಕ್ಕಿರುವ ರಾಧಾನಗರ ತೀರ, ಎತ್ತರದ ಮಹುವಾ ಮರಗಳ ಕಾಡಿನ ಅಂಚಿನಲ್ಲಿ ಬಾಗಿ ಹರಡಿರುವ ನುಣುಪು ಬಿಳಿ ಮರಳು. 2004ರಲ್ಲಿ ಟೈಮ್ ಪತ್ರಿಕೆ ಅದನ್ನು ಏಷ್ಯಾದ ಅತ್ಯುತ್ತಮ ತೀರವೆಂದು ಕರೆದ ಮೇಲೆ ಅದರ ಹೆಸರು ಎಲ್ಲೆಡೆ ಹಬ್ಬಿತು. ಅಲೆಗಳು ಸ್ವಲ್ಪ ಜೋರಾಗಿರುತ್ತವೆ, ಸೂರ್ಯಾಸ್ತ ಅಲ್ಲಿಯೇ ನೋಡಬೇಕು. ಎಲಿಫೆಂಟ್ ತೀರ ಸ್ನಾರ್ಕ್ಲಿಂಗ್‌ಗೆ, ಅಂದರೆ ಮುಖಕ್ಕೆ ಕನ್ನಡಕ, ಉಸಿರಿನ ಕೊಳವೆ ಕಟ್ಟಿಕೊಂಡು ನೀರಿನ ಮೇಲೆ ತೇಲುತ್ತ ಕಡಲೊಳಗನ್ನು ನೋಡುವುದಕ್ಕೆ, ಹೆಸರಾದದ್ದು. ಪೂರ್ವದ ವಿಜಯನಗರ ತೀರದ ಹೆಸರು ನಮ್ಮವರಿಗೆ ಆಪ್ತವೆನಿಸಿ ಅಲ್ಲಿಯೇ ಕೋಣೆ ಹಿಡಿಯುವುದುಂಟು. ಬೆಳಗಿನ ಸೂರ್ಯೋದಯಕ್ಕೆ ಅದು ಸೊಗಸಾದರೂ ಇಳಿತದ ಹೊತ್ತಿನಲ್ಲಿ ನೀರು ಬಹುದೂರ ಹಿಂದೆ ಸರಿದು ಈಜಲು ಆಗುವುದಿಲ್ಲ.

ನೀಲ್ ಚಿಕ್ಕದು, ಸಮತಟ್ಟಾದದ್ದು, ತರಕಾರಿ ಬೆಳೆಯುವ ಊರು. ಭರತಪುರ ತೀರದ ನೀರು ಆಳವಿಲ್ಲದೆ ಶಾಂತವಾಗಿರುವುದರಿಂದ ಚಿಕ್ಕ ಮಕ್ಕಳಿದ್ದವರಿಗೆ ಹ್ಯಾವ್‌ಲಾಕಿಗಿಂತ ಇದೇ ಹಿತ. ಲಕ್ಷ್ಮಣಪುರದ ಸಹಜ ಕಲ್ಲುಕಮಾನನ್ನು ಇಳಿತದಲ್ಲಿ ಮಾತ್ರ ತಲುಪಲು ಸಾಧ್ಯ. ಎರಡಕ್ಕೂ ಎರಡೆರಡು ರಾತ್ರಿ ಕೊಡಲಾಗದಿದ್ದರೆ ಒಂದನ್ನೇ ಹಿಡಿದು ಕೂರುವುದು ಮೇಲು, ಏಕೆಂದರೆ ಪ್ರತಿ ದಾಟುವಿಕೆಗೂ ಸಾಮಾನು ಕಟ್ಟುವುದು, ಜೆಟ್ಟಿಯಲ್ಲಿ ಕಾಯುವುದು ಸೇರಿ ಅರ್ಧ ದಿನ ಹೋಗುತ್ತದೆ. ಬಾರಾಟಾಂಗ್‌ನ ಸುಣ್ಣಕಲ್ಲಿನ ಗುಹೆಗಳನ್ನೂ ಇದೇ ವಾರದಲ್ಲಿ ತುರುಕುವ ಯೋಜನೆಗಳನ್ನು ನಾನು ಒಪ್ಪುವುದಿಲ್ಲ. ಜಾರವಾ ಆದಿವಾಸಿಗಳ ಮೀಸಲು ಪ್ರದೇಶದ ಮೂಲಕ ಬೆಂಗಾವಲಿನಲ್ಲಿ ಸಾಗುವ ಆ ದಾರಿ ಇಡೀ ಒಂದು ದಿನವನ್ನು ನುಂಗುತ್ತದೆ, ಕಡಲಿಗಾಗಿ ಬಂದವರಿಗೆ ಅದು ದಂಡ.

ಅಂಡಮಾನಿನ ದಿನಚರಿಯನ್ನು ನಮ್ಮೂರಿನ ಗಡಿಯಾರದ ಲೆಕ್ಕದಲ್ಲಿ ಹಾಕಿಕೊಳ್ಳಬಾರದು. ರಾಯಚೂರಿಗಿಂತ ಸುಮಾರು 15 ರೇಖಾಂಶದಷ್ಟು ಪೂರ್ವದಲ್ಲಿದ್ದರೂ ಅಲ್ಲಿ ನಡೆಯುವುದು ಅದೇ ಭಾರತೀಯ ಕಾಲಮಾನವಾದ್ದರಿಂದ ಬೆಳಗೂ ಸಂಜೆಯೂ ಹತ್ತಿರ ಹತ್ತಿರ ಒಂದು ಗಂಟೆ ಮೊದಲೇ ಆಗುತ್ತವೆ. ಡಿಸೆಂಬರಿನಲ್ಲಿ ಸಂಜೆ ಐದರ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಊಟ ಮಾಡಿ, ಒಂದು ನಿದ್ದೆ ತೆಗೆದು, ಐದೂವರೆಗೆ ತೀರಕ್ಕೆ ಹೋಗೋಣ ಎನ್ನುವವರಿಗೆ ಸಿಗುವುದು ಕತ್ತಲೆ.

ನೀರೇ ಮುಖ್ಯವಾದವರಿಗೆ: ಲಕ್ಷದ್ವೀಪ

ನೀರಿನ ಬಣ್ಣವೊಂದನ್ನೇ ಅಳತೆಗೋಲಾಗಿಟ್ಟುಕೊಂಡರೆ ಭಾರತದಲ್ಲಿ ಲಕ್ಷದ್ವೀಪಕ್ಕೆ ಸಮನಾದದ್ದಿಲ್ಲ. ಇದಕ್ಕೆ ಕಾರಣವೂ ಸರಳ. 36 ದ್ವೀಪಗಳು ಸೇರಿದರೂ ಒಟ್ಟು ನೆಲ ಸುಮಾರು 32 ಚದರ ಕಿಲೋಮೀಟರ್. ನದಿಯಿಲ್ಲ, ಆದ್ದರಿಂದ ಕಡಲಿಗೆ ಮಣ್ಣು ಸೇರುವುದಿಲ್ಲ. ತಳದಲ್ಲಿ ಹವಳದ ಪುಡಿಯಿಂದಾದ ಬಿಳಿ ಮರಳಿರುವುದರಿಂದ ಬೆಳಕು ಪ್ರತಿಫಲಿಸಿ ನೀರು ಹಸಿರುನೀಲಿಯಾಗಿ ಕಾಣುತ್ತದೆ. ಹೊಲದ ಸುತ್ತ ಹಾಕಿದ ಒಡ್ಡಿನಂತೆ ಹವಳದ ದಿಬ್ಬ ದ್ವೀಪವನ್ನು ಸುತ್ತುವರಿದು ದೊಡ್ಡ ಅಲೆಗಳನ್ನು ಹೊರಗೇ ತಡೆಯುತ್ತದೆ. ಒಳಗಿನ ಲಗೂನ್ ಸೊಂಟಮಟ್ಟದ ನಿಶ್ಚಲ ಕೊಳದಂತಿರುತ್ತದೆ. ಈಜು ಬಾರದವರು ಗಂಟೆಗಟ್ಟಲೆ ನೀರಿನಲ್ಲಿರಬಹುದಾದ ಕಡಲು ನಮ್ಮ ದೇಶದಲ್ಲಿ ಬೇರೆಲ್ಲೂ ಇಷ್ಟು ಸುಲಭವಾಗಿ ಸಿಗುವುದಿಲ್ಲ.

ತೊಡಕಿರುವುದು ತಲುಪುವುದರಲ್ಲಿ. ದ್ವೀಪದವರಲ್ಲದ ಭಾರತೀಯರಿಗೂ ಪ್ರವೇಶ ಅನುಮತಿ ಕಡ್ಡಾಯ. ಅದು ಕೈಗೆ ಬರುವ ಮೊದಲು ಹಣ ಮರಳಿ ಬಾರದ ಟಿಕೆಟ್ ಕೊಳ್ಳಬಾರದು. ಕೊಚ್ಚಿಯಿಂದ ಹಡಗಿನಲ್ಲಿ ಹೋದರೆ ದ್ವೀಪಕ್ಕನುಗುಣವಾಗಿ ಸುಮಾರು 14ರಿಂದ 18 ಗಂಟೆ. ವಿಮಾನವಿಳಿಯುವುದು ಅಗತ್ತಿಯಲ್ಲಿ ಮಾತ್ರ, ಅಲ್ಲಿನ ರನ್‌ವೇ ಚಿಕ್ಕದಾದ್ದರಿಂದ ಸಣ್ಣ ವಿಮಾನಗಳೇ ಬರುತ್ತವೆ, ಆಸನಗಳು ಬೇಗ ಮುಗಿಯುತ್ತವೆ. ನಮ್ಮ ಜಿಲ್ಲೆಗಳಿಂದ ಕೊಚ್ಚಿಗೆ ಹೋಗುವುದೇ ಒಂದು ಪ್ರಯಾಣವಾಗಿರುವಾಗ, ಇದಕ್ಕೆ ಎರಡು ಮೂರು ತಿಂಗಳ ಮುಂಚಿನ ತಯಾರಿ ಬೇಕೇ ಬೇಕು. ಬಂಗಾರಂ ದ್ವೀಪ ಬಿಟ್ಟರೆ ಉಳಿದೆಡೆ ಮದ್ಯವಿಲ್ಲ, ಕೆಲವರಿಗೆ ಇದೇ ಅದರ ಆಕರ್ಷಣೆಯೂ ಆಗಬಹುದು. ಹವಳದ ವಿಷಯದಲ್ಲಿ ಅತಿ ನಿರೀಕ್ಷೆ ಬೇಡ: 2023ರ ಕೊನೆಯಿಂದ ಸಮುದ್ರದ ನೀರು ದೀರ್ಘಕಾಲ ಬಿಸಿಯಾಗಿ ಉಳಿದದ್ದರಿಂದ 2024ರಲ್ಲಿ ಇಲ್ಲಿನ ಹವಳಗಳು ವ್ಯಾಪಕವಾಗಿ ಬಿಳಿಚಿಕೊಂಡವು. ಮೀನುಗಳು, ಕಡಲಾಮೆಗಳು ಈಗಲೂ ಕಾಣಸಿಗುತ್ತವೆ.

ಇತಿಹಾಸದಲ್ಲಿ ಆಸಕ್ತಿಯಿರುವವರಿಗೆ ಒಂದು ಮಾತು: ಇಲ್ಲಿನ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು 1956ರಲ್ಲಿ ಕೇಂದ್ರಾಡಳಿತ ಪ್ರದೇಶ ರಚನೆಯಾಗುವವರೆಗೂ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಇವುಗಳಲ್ಲಿ ಪ್ರವಾಸಿಗರಿಗೆ ಕಡಮತ್ ಉತ್ತಮ ಆಯ್ಕೆ.

ಪಾಸ್‌ಪೋರ್ಟ್ ಇದ್ದರೆ: ಮಾಲ್ಡೀವ್ಸ್ ಮತ್ತು ಲಂಕೆ

ಮಾಲ್ಡೀವ್ಸ್‌ನ ನೀರು ಲಕ್ಷದ್ವೀಪದ್ದೇ. ಎರಡೂ ಒಂದೇ ಕಡಲೊಳಗಿನ ಪರ್ವತಸಾಲಿನ ಮೇಲೆ ಬೆಳೆದ ಹವಳದ್ವೀಪಗಳು. ಭಾರತೀಯರಿಗೆ ಅಲ್ಲಿ ಇಳಿದ ಮೇಲೆ 30 ದಿನಗಳ ಉಚಿತ ವೀಸಾ ದೊರೆಯುತ್ತದೆ, ಪ್ರಯಾಣಕ್ಕೆ ಮುಂಚಿನ 96 ಗಂಟೆಗಳೊಳಗೆ ಆನ್‌ಲೈನ್ ಘೋಷಣೆ ತುಂಬಿರಬೇಕು. ಕಾಗದಪತ್ರದ ದೃಷ್ಟಿಯಿಂದ ವಿದೇಶವಾದ ಮಾಲ್ಡೀವ್ಸ್ ಸ್ವದೇಶದ ಲಕ್ಷದ್ವೀಪಕ್ಕಿಂತ ಸುಲಭವೆಂಬುದು ವಿಚಿತ್ರವಾದರೂ ನಿಜ. ಹೊಸದಾಗಿ ಮದುವೆಯಾದವರಿಗೆ ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್ ಎಂಬ ವ್ಯವಸ್ಥೆ ಹಿಡಿಸುತ್ತದೆ. ಖರ್ಚು ತಡೆಯಲಾಗದವರು ಮಾಫುಶಿ, ತೊಡ್ಡೂವಿನಂಥ ಜನವಸತಿಯ ದ್ವೀಪಗಳ ಅತಿಥಿಗೃಹಗಳಲ್ಲಿ ಉಳಿಯಬಹುದು, ಅಲ್ಲಿ ಉಡುಪಿನ ಕಟ್ಟುಪಾಡುಗಳಿವೆ, ಮದ್ಯ ನಿಷಿದ್ಧ. ಕೋಣೆಯ ದರ ನೋಡಿ ಅಗ್ಗವೆಂದು ತಿಳಿಯಬಾರದು: ವಿಮಾನ ನಿಲ್ದಾಣದಿಂದ ದ್ವೀಪಕ್ಕೆ ಕರೆದೊಯ್ಯುವ ಸ್ಪೀಡ್‌ಬೋಟ್ ಅಥವಾ ಜಲವಿಮಾನದ ಶುಲ್ಕ, ತಲಾವಾರು ಹಸಿರು ತೆರಿಗೆ ಬೇರೆಯೇ ಇರುತ್ತವೆ. ಜಲವಿಮಾನ ಹಗಲಲ್ಲಷ್ಟೇ ಹಾರುವುದರಿಂದ ಸಂಜೆ ತಲುಪುವ ವಿಮಾನ ಹಿಡಿದರೆ ಮಾಲೆಯ ಬಳಿ ಒಂದು ರಾತ್ರಿಯ ಬಾಡಿಗೆ ಹೆಚ್ಚುವರಿ. ಇಡೀ ಕುಟುಂಬಕ್ಕೆ ಇದನ್ನು ನಾನು ಸೂಚಿಸುವುದಿಲ್ಲ. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಹಿರಿಯರು ‘ಇನ್ನೇನು ನೋಡುವುದಿದೆ’ ಎಂದು ಕೇಳಲು ಶುರುಮಾಡುತ್ತಾರೆ.

ಮೇ ತಿಂಗಳಿಗೆ ಏನು ಮಾಡಬೇಕೆಂಬುದಕ್ಕೆ ಉತ್ತರ ಶ್ರೀಲಂಕಾದ ಪೂರ್ವ ತೀರ. ಹೆಚ್ಚಿನವರು ಲಂಕೆಯೆಂದರೆ ದಕ್ಷಿಣದ ಮಿರಿಸ್ಸ, ಉನವಟುನ ತೀರಗಳನ್ನು ನೆನೆಯುತ್ತಾರೆ. ಅವು ಡಿಸೆಂಬರ್‌ನಿಂದ ಮಾರ್ಚ್‌ವರೆಗಿನವು. ನೈರುತ್ಯ ಮಾರುತವನ್ನು ನಡುವಣ ಬೆಟ್ಟಗಳು ತಡೆಯುವುದರಿಂದ ಮೇನಿಂದ ಸೆಪ್ಟೆಂಬರ್‌ವರೆಗೆ ಪೂರ್ವದ ತ್ರಿಕೋಣಮಲೆ ಭಾಗ ಒಣಗಿರುತ್ತದೆ, ಕಡಲು ಶಾಂತವಾಗಿರುತ್ತದೆ. ನಿಲಾವೇಲಿಯ ಉದ್ದನೆಯ ತೀರ, ಅದರೆದುರಿಗೆ ಸ್ನಾರ್ಕ್ಲಿಂಗ್‌ಗೆ ಪಿಜನ್ ಐಲ್ಯಾಂಡ್ ರಾಷ್ಟ್ರೀಯ ಉದ್ಯಾನ, ಊರಲ್ಲಿ ಕಡಲಿಗೆ ಚಾಚಿದ ಬಂಡೆಯ ಮೇಲೆ ಕೋಣೇಶ್ವರ ದೇವಾಲಯ: ಮಕ್ಕಳಿಗೂ ಶಿವಭಕ್ತರಾದ ಹಿರಿಯರಿಗೂ ಒಟ್ಟಿಗೆ ಹೊಂದುವ ಇಂಥ ಸ್ಥಳ ಅಪರೂಪ. ಕೊಲಂಬೊದಿಂದ ರಸ್ತೆಯಲ್ಲಿ ಆರು ಗಂಟೆಯ ಆಸುಪಾಸು ಹಿಡಿಯುತ್ತದೆ, ಆದ್ದರಿಂದ ಮೊದಲ ರಾತ್ರಿಯನ್ನು ದಂಬುಲ್ಲದ ಬಳಿ ಕಳೆಯುವುದು ವಾಸಿ. ಹೊರಡುವ ಮುನ್ನ ವಿದ್ಯುನ್ಮಾನ ಪ್ರಯಾಣ ಅನುಮತಿಯ ನಿಯಮವನ್ನು ಅಧಿಕೃತ ತಾಣದಲ್ಲಿ ನೋಡಿಕೊಳ್ಳಿ.

ಜೊತೆಗಾರರು, ಊಟ, ನೀರಿನ ಭಯ

ಸಸ್ಯಾಹಾರಿಗಳಿಗೆ ಪೋರ್ಟ್ ಬ್ಲೇರ್, ಹ್ಯಾವ್‌ಲಾಕ್‌ಗಳಲ್ಲಿ ತೊಂದರೆಯಿಲ್ಲ. ಲಂಕೆಯ ಪೂರ್ವದ ತಮಿಳು ಊರುಗಳಲ್ಲಿ ಇಡಿಯಪ್ಪ, ಅನ್ನ, ತೆಂಗಿನ ಪಲ್ಯಗಳು ಸಿಗುತ್ತವೆ. ಲಕ್ಷದ್ವೀಪದಲ್ಲಿ ಸೂರೆ (ಟ್ಯೂನಾ) ಮೀನೇ ಮುಖ್ಯ ಆಹಾರ, ತರಕಾರಿ ಹಡಗಿನಲ್ಲಿ ಬರಬೇಕು. ಎಲ್ಲಿಗೆ ಹೋದರೂ ಕಟಕ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿಯ ಗಂಟು ಜೊತೆಗಿರಲಿ; ವಾರವಾದರೂ ಕೆಡದ ಇಂಥ ಬುತ್ತಿ ಬೇರೆ ಸೀಮೆಯವರಿಗಿಲ್ಲ.

ಕೃಷ್ಣೆಯಲ್ಲಿ ನಾರದಗಡ್ಡೆಗೆ ತೆಪ್ಪದಲ್ಲಿ ಹೋಗಿಬಂದವರಿಗೂ ಕಡಲ ದೋಣಿಯ ಓಲಾಟ ಬೇರೆಯೇ. ವಾಂತಿಯ ಮಾತ್ರೆಯನ್ನು ವೈದ್ಯರನ್ನು ಕೇಳಿ, ಹತ್ತುವುದಕ್ಕೆ ಮುಂಚೆಯೇ ನುಂಗಬೇಕು; ಹತ್ತಿದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ. ಮೊಣಕಾಲು ನೋವಿನ ಹಿರಿಯರಿದ್ದರೆ ಜೆಟ್ಟಿಯಿಂದ ನೇರವಾಗಿ ಹತ್ತುವ ದೊಡ್ಡ ಫೆರ್ರಿಯಿರುವ ಅಂಡಮಾನ್ ಅನುಕೂಲ. ಮಲ್ಪೆಯಲ್ಲಾಗಲಿ ಲಕ್ಷದ್ವೀಪದ ಹಡಗಿನಿಂದ ಸಣ್ಣ ದೋಣಿಗೆ ಇಳಿಯುವಾಗಲಿ ಕಾಲು ಗಟ್ಟಿಯಿರಬೇಕು.

ತುಂಗಭದ್ರೆಯಲ್ಲಿ ಈಜು ಕಲಿತವರು ಕಡಲಿನಲ್ಲಿ ತಮ್ಮ ಮೇಲೆ ಅತಿಯಾಗಿ ಭರವಸೆ ಇಡುತ್ತಾರೆ. ದಡದಿಂದ ಒಳಕ್ಕೆ ಎಳೆಯುವ ಸೆಳೆತಕ್ಕೆ ಸಿಕ್ಕಾಗ ನೇರವಾಗಿ ದಡದತ್ತ ಈಜಿದರೆ ದಣಿವಷ್ಟೇ ಫಲ. ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದ ಪಟ್ಟಿಯಿಂದ ಹೊರಬಂದು ಆಮೇಲೆ ತೀರಕ್ಕೆ ತಿರುಗಬೇಕು. ಅಂಡಮಾನಿನ ಕೆಲವು ತೀರಗಳಲ್ಲಿ ಮೊಸಳೆಯ ಎಚ್ಚರಿಕೆ ಫಲಕಗಳಿರುತ್ತವೆ, ಅವು ಅಲಂಕಾರಕ್ಕೆ ಹಾಕಿದವಲ್ಲ. ಮನೆಯ ಗೋಡೆಯ ಪಂಚಾಂಗವೂ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಭರತ ಇಳಿತಗಳ ಅಂತರ ಅತಿ ಹೆಚ್ಚು. ಕಲ್ಲುಕಮಾನು ನೋಡಲು ಆ ದಿನಗಳು ಒಳ್ಳೆಯವು, ಮಕ್ಕಳನ್ನು ನೀರಿಗಿಳಿಸಲು ಅಷ್ಟಮಿಯ ಸುತ್ತಿನ ದಿನಗಳು ಮೇಲು.

ಹವಳವನ್ನು, ಸತ್ತದ್ದಾದರೂ, ಚೀಲಕ್ಕೆ ಹಾಕಿಕೊಳ್ಳಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೀರಿ.

ಕಾಯ್ದಿರಿಸುವ ಕ್ರಮ

ಅಂಡಮಾನಿಗೆ ಮೊದಲು ವಿಮಾನ, ನಂತರ ದ್ವೀಪಗಳ ನಡುವಿನ ಖಾಸಗಿ ಫೆರ್ರಿ, ಕೊನೆಗೆ ಕೋಣೆ ಎಂಬ ಕ್ರಮದಲ್ಲಿ ಕಾಯ್ದಿರಿಸಬೇಕು, ಏಕೆಂದರೆ ಕೋಣೆ ಬದಲಿಸಬಹುದು, ಫೆರ್ರಿಯ ಸಮಯ ಬದಲಿಸಲಾಗದು. ಲಕ್ಷದ್ವೀಪಕ್ಕೆ ಮೊದಲು ಅನುಮತಿ. ಸ್ಕೂಬಾ ಡೈವಿಂಗ್ ಮಾಡುವವರು ಅದನ್ನು ಪ್ರವಾಸದ ಮೊದಲರ್ಧದಲ್ಲೇ ಮುಗಿಸಿಕೊಳ್ಳಬೇಕು. ಆಳದಲ್ಲಿ ಉಸಿರಾಡಿದಾಗ ದೇಹದಲ್ಲಿ ಕರಗಿದ ಸಾರಜನಕ ಹೊರಹೋಗಲು ಸಮಯ ಬೇಕಾದ್ದರಿಂದ ಡೈವ್ ಮತ್ತು ವಿಮಾನದ ನಡುವೆ ಕನಿಷ್ಠ 18ರಿಂದ 24 ಗಂಟೆಗಳ ಅಂತರವಿರಬೇಕು. ಉಬ್ಬಸ, ಹೃದಯದ ತೊಂದರೆ, ಕಿವಿಯ ಸೋಂಕು ಇದ್ದವರು ಊರಿನಲ್ಲೇ ವೈದ್ಯರನ್ನು ಕಂಡು ಹೊರಡುವುದು ಸರಿ. ಗಾಳಿ ಜೋರಾದರೆ ಫೆರ್ರಿ ರದ್ದಾಗುವ ಸಾಧ್ಯತೆ ಉತ್ತಮ ತಿಂಗಳಲ್ಲೂ ಇರುವುದರಿಂದ, ಹಿಂತಿರುಗುವ ವಿಮಾನದ ಹಿಂದಿನ ರಾತ್ರಿಯನ್ನು ಹ್ಯಾವ್‌ಲಾಕಿನಲ್ಲಾಗಲಿ ನೀಲ್‌ನಲ್ಲಾಗಲಿ ಕಳೆಯದೆ ಪೋರ್ಟ್ ಬ್ಲೇರ್‌ಗೆ ಬಂದು ತಂಗಬೇಕು. ಜೈಲಿನ ಧ್ವನಿ ಬೆಳಕಿನ ಪ್ರದರ್ಶನವನ್ನು ಆ ಸಂಜೆಗೇ ಇಟ್ಟುಕೊಂಡರೆ ದಿನವೂ ವ್ಯರ್ಥವಾಗುವುದಿಲ್ಲ.